ಆಮಂತ್ರಣ ಪತ್ರಿಕೆಯಲ್ಲಿ ಊಟದ ಹೊತ್ತೂ ಅಚ್ಚಾಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ವಾರಾಂತ್ಯ ಬಂತೆಂದರೆ ಮುಂಬೈ ಕನ್ನಡಿಗರ ಕಾರ್ಯಕ್ರಮಗಳ ಸೂಚನೆಗಳೇ ತಮ್ಮ ಪತ್ರಿಕೆಯ ಒಂದು ಪುಟ ತುಂಬುತ್ತವೆ. ಮಾಟುಂಗಾದ ಮೈಸೂರು ಅಸೋಸಿಯೇಶನ್‌ನಲ್ಲಿ ನಾಟಕ, ಮಾಹಿಮ್‌ನ ಕರ್ನಾಟಕ ಸಂಘದಲ್ಲಿ ಪುಸ್ತಕ ಬಿಡುಗಡೆ, ಕುರ್ಲಾದ ಬಂಟರ ಭವನದಲ್ಲಿ ಮದುವೆ, ಸಾಂತಾಕ್ರೂಜ್‌ನ ಬಿಲ್ಲವ ಭವನದಲ್ಲಿ ಯಕ್ಷಗಾನ; ಇವುಗಳ ನಡುವೆ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ನೆಂಟರ ಮನೆಯ ಸತ್ಯನಾರಾಯಣ ಪೂಜೆ. ಒಂದೇ ಶನಿವಾರ-ರವಿವಾರದಲ್ಲಿ ಮೂರು ಕಡೆಯಿಂದ ಕರೆ ಬಂದಿರುವ ಮನೆಗಳಿಗೆ ಬರವಿಲ್ಲ. ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೋ ಪಾರ್ಶ್ವವಾಯು ಆದ ಮಾವನೋ ಇದ್ದರೆ ಶುಕ್ರವಾರ ರಾತ್ರಿಯೇ ಮಾತು ಶುರುವಾಗುತ್ತದೆ: ಕರೆದುಕೊಂಡು ಹೋಗುವುದೋ, ಬಿಟ್ಟು ಹೋಗುವುದೋ?

ಈ ನಗರದ ಮನೆಗಳಿಗೆ ಹೋಗಿ ಹಿರಿಯರ ಶುಶ್ರೂಷೆ, ಫಿಸಿಯೋಥೆರಪಿ ಮಾಡುವ ನಾವು ಹೇಳುವುದು ಇಷ್ಟೇ: ಆದಷ್ಟು ಕರೆದುಕೊಂಡೇ ಹೋಗಿ. ವಾರವಿಡೀ ಟಿ.ವಿ. ಮುಂದೆ ಕೂತ ಜೀವಕ್ಕೆ ಬಳಗದ ಮುಖ ಕಾಣಬೇಕು, ಊರಿನ ಮಾತು ಕಿವಿಗೆ ಬೀಳಬೇಕು. ಆದರೆ ಎರಡು ದಿನಕ್ಕೆ ಒಂದೇ ಕಾರ್ಯಕ್ರಮ ಸಾಕು, ಅದೂ ಬೆಳಗಿನದು, ಅಲ್ಲಿ ಎರಡು-ಮೂರು ಗಂಟೆ. ಜೊತೆಗೆ, ಊಟ ಎಷ್ಟು ಹೊತ್ತಿಗೆ ಎನ್ನುವುದು ಮನೆಯಿಂದ ಹೊರಡುವ ಮೊದಲೇ ಗೊತ್ತಿರಬೇಕು. ಈ ಕೊನೆಯ ಮಾತಿಗೇ ಈ ಪತ್ರ. ಸಮಾರಂಭದಲ್ಲಿ ಹಿರಿಯರು ಕುಸಿದಾಗ ‘ವಯಸ್ಸಾಯ್ತು, ಸೆಕೆ ತಡೆಯಲಿಲ್ಲ’ ಎಂದು ಸುಮ್ಮನಾಗುತ್ತಾರೆ. ವಿಚಾರಿಸಿದರೆ ಬಹಳ ಸಲ ಸಿಗುವ ಕಾರಣ ಹೊತ್ತು ಮೀರಿದ ಊಟ, ತಪ್ಪಿದ ಮಾತ್ರೆ, ತಡೆಹಿಡಿದ ಮೂತ್ರ, ಕುಡಿಯದ ನೀರು.

ಮೊದಲು ಸಕ್ಕರೆ ಕಾಯಿಲೆಯವರ ವಿಷಯ. ಕಾರ್ಡಿನಲ್ಲಿ ‘ಬಳಿಕ ಪ್ರೀತಿಭೋಜನ’ ಎಂದಿರುತ್ತದೆ, ಗಂಟೆ ಇರುವುದಿಲ್ಲ. ಬೆಳಿಗ್ಗೆ 8ಕ್ಕೆ ತಿಂಡಿಗೆ ಮುಂಚೆ 30/70 ಮಿಕ್ಸ್ ಇನ್ಸುಲಿನ್ (ಬೇಗ ಕೆಲಸ ಮಾಡುವುದು 30 ಪಾಲು, ನಿಧಾನದ್ದು 70 ಪಾಲು) ಹಾಕಿಸಿಕೊಂಡವರಲ್ಲಿ ಅದರ 70 ಪಾಲು ನಿಧಾನವಾಗಿ ಏರಿ ಮಧ್ಯಾಹ್ನದ ಹೊತ್ತಿಗೆ ಜೋರಾಗಿ ಕೆಲಸ ಮಾಡುತ್ತಿರುತ್ತದೆ. ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಂಡವರ ಕತೆಯೂ ಅದೇ. 12.30ರಿಂದ 1 ಗಂಟೆಯೊಳಗೆ ಹೊಟ್ಟೆಗೆ ಅನ್ನ ಬೀಳದಿದ್ದರೆ ಸಕ್ಕರೆ ಇಳಿಯಲು ಶುರು. ಅಧ್ಯಕ್ಷರ ಭಾಷಣ ಮುಗಿದು ಎಲೆ ಹಾಕುವಾಗ 2 ಗಂಟೆಯಾದರೆ ಕೇಳುವುದೇ ಬೇಡ. ಎಳೆಯರಿಗಾದರೆ ಕೈ ನಡುಗುತ್ತದೆ, ಎದೆ ಬಡಿದುಕೊಳ್ಳುತ್ತದೆ. ವಯಸ್ಸಾದವರು ಸುಮ್ಮನೆ ಮಂಕಾಗುತ್ತಾರೆ, ಇಲ್ಲವೇ ಸಿಡುಕುತ್ತಾರೆ, ಮಾತು ತಡವರಿಸುತ್ತದೆ. ಬಿ.ಪಿ.ಗೆಂದು ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕವೂ ಕಾಣದಿರಬಹುದು. ಬೆವರು ಮಾತ್ರ ಬರುತ್ತದೆ. ಫ್ಯಾನಿನ ಕೆಳಗೆ ಕೂತಿದ್ದೂ ಹಣೆ, ಕುತ್ತಿಗೆ ತಣ್ಣಗೆ ಒದ್ದೆಯಾಗಿದ್ದರೆ ಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಕೂಡಲೇ ಮೂರು ಚಹಾ ಚಮಚ ಗ್ಲೂಕೋಸ್ ಪುಡಿ ಅರ್ಧ ಲೋಟ ನೀರಿನಲ್ಲಿ, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷೆ, ಏರದಿದ್ದರೆ ಮತ್ತೊಮ್ಮೆ ಅಷ್ಟೇ, ಏರಿದ ಮೇಲೆ ಊಟ. ಮೀಟರ್ ಕೈಯಲ್ಲಿಲ್ಲದಿದ್ದರೆ ಕಾಯಬೇಡಿ, ಗ್ಲೂಕೋಸ್ ಕೊಟ್ಟೇ ಬಿಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. 108ಕ್ಕೆ ಫೋನ್ ಮಾಡಬೇಕು.

ಪುಡಿ ಎಂದೆವು, ಅಡುಗೆಮನೆಯ ಸಕ್ಕರೆ ಎನ್ನಲಿಲ್ಲ. ಅದಕ್ಕೆ ಕಾರಣವಿದೆ. ವೋಗ್ಲಿಬೋಸ್, ಅಕಾರ್ಬೋಸ್ ಎಂಬ ಮಾತ್ರೆಗಳನ್ನು ನಮ್ಮಲ್ಲಿ ಬಹಳ ಜನ ಊಟದ ಜೊತೆ ನುಂಗುತ್ತಾರೆ. ಇವು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ನಿಧಾನ ಮಾಡುತ್ತವೆ. ಅವರಿಗೆ ಜಿಲೇಬಿ, ಪೆಪ್ಪರಮಿಂಟು, ಸಕ್ಕರೆ ನೀರು ಕೊಟ್ಟರೆ ರಕ್ತಕ್ಕೆ ಸೇರುವುದು ತಡ. ಗ್ಲೂಕೋಸ್ ನೇರ ಸೇರುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಸಾದಾ ಗ್ಲೂಕೋಸ್ ಪುಡಿಯ ಪೊಟ್ಟಣ ಕೈಚೀಲದಲ್ಲಿರಲಿ. ಊಟದ ಹೊತ್ತಿನ ಇನ್ಸುಲಿನ್ ಇರುವವರು ಮನೆಯಲ್ಲೇ ಚುಚ್ಚಿಸಿಕೊಂಡು ಹೊರಡುವ ಅಭ್ಯಾಸ ಬಿಡಬೇಕು. ಇನ್ಸುಲಿನ್ ಪೆನ್ ಜೊತೆಗಿರಲಿ, ಎಲೆ ಬಿದ್ದು ಅನ್ನದ ಬುಟ್ಟಿ ಕಣ್ಣಿಗೆ ಕಂಡ ಮೇಲೆ ಹಾಕಿದರಾಯಿತು. ಹಳೆಯ ಬಗೆಯ ಇನ್ಸುಲಿನ್‌ಗೆ ಅರ್ಧ ಗಂಟೆ ಮೊದಲು ಬೇಕೆಂದಿದ್ದರೆ ಸಮಾರಂಭದ ದಿನ ಹೇಗೆ ಮಾಡಬೇಕೆಂದು ಡಾಕ್ಟರರನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ. ಪೆನ್ನನ್ನು ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಬಿಸಿಲಿಗೆ ಔಷಧವೇ ಕೆಡುತ್ತದೆ.

ಇನ್ನು ‘ನೀರಿನ ಮಾತ್ರೆ’. ಹೃದಯ ದುರ್ಬಲವಿದ್ದವರಿಗೆ ಕೊಡುವ ಫ್ಯುರೋಸೆಮೈಡ್ ನುಂಗಿದ ಒಂದು-ಎರಡು ಗಂಟೆಯಲ್ಲಿ ಮೂತ್ರ ಜೋರಾಗಿ ಬರಿಸುತ್ತದೆ, ಅದರ ಪರಿಣಾಮ ಆರರಿಂದ ಎಂಟು ಗಂಟೆ ಇರುತ್ತದೆ. ಬೆಳಿಗ್ಗೆ 9ಕ್ಕೆ ಕೊಟ್ಟು 9.30ಕ್ಕೆ ಟ್ಯಾಕ್ಸಿ ಹತ್ತಿಸಿದರೆ ಸಯನ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಹೆದರಿ ಮನೆಯವರು ಆ ದಿನದ ಮಾತ್ರೆಯನ್ನೇ ತಪ್ಪಿಸುತ್ತಾರೆ, ಹಿರಿಯರು ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯುವುದಿಲ್ಲ. ಎರಡೂ ಅಪಾಯ. ಮಾತ್ರೆ ತಪ್ಪಿ ಮದುವೆಯೂಟದ ಉಪ್ಪಿನಕಾಯಿ, ಹಪ್ಪಳ, ಸಾಂಬಾರಿನ ಉಪ್ಪು ಸೇರಿದರೆ ರಾತ್ರಿ ಮಲಗಿದಾಗ ಉಸಿರು ಕಟ್ಟುತ್ತದೆ. ಬೆಳಿಗ್ಗೆ 6ಕ್ಕೇ ಕೊಟ್ಟು 9ರವರೆಗೆ ಮನೆಯಲ್ಲೇ ಇರುವುದೋ, ಮರಳಿ ಬಂದು ಮಧ್ಯಾಹ್ನ 3-4ಕ್ಕೆ ಕೊಡುವುದೋ ಎಂದು ಡಾಕ್ಟರರಿಗೆ ಹಿಂದಿನ ದಿನ ಒಂದು ಫೋನ್ ಮಾಡಿದರೆ ಮುಗಿಯಿತು. ತಪ್ಪಿಸುವುದು ಮಾತ್ರ ಬೇಡ.

ಪಾರ್ಕಿನ್ಸನ್ (ಕೈ ನಡುಗಿ ಮೈ ಬಿಗಿಯುವ ನರದ ಕಾಯಿಲೆ) ಇರುವವರ ಲೆವೊಡೋಪಾ ಮಾತ್ರೆಗೆ ಗಡಿಯಾರದ ಮುಳ್ಳೇ ಆಧಾರ. ಒಂದು ಡೋಸ್ ಮುಕ್ಕಾಲು ಗಂಟೆ ತಡವಾದರೂ ಕೈಕಾಲು ಬಿಗಿದು ಕುರ್ಚಿಯಿಂದ ಏಳಲಾಗದೆ ಹೋಗಬಹುದು. ತೊವ್ವೆ, ಮೊಸರು, ಹಾಲಿನ ಪಾಯಸದಲ್ಲಿರುವ ಪ್ರೋಟೀನು ಆ ಮಾತ್ರೆ ರಕ್ತಕ್ಕೆ ಸೇರುವುದಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆಯ ನಂತರ ಕೊಡುತ್ತಾರೆ. ಊಟದ ಹೊತ್ತೇ ತಿಳಿಯದಿದ್ದರೆ ಅರ್ಧ ಗಂಟೆ ಮೊದಲು ಎಂದು ಲೆಕ್ಕ ಹಾಕುವುದು ಹೇಗೆ?

ಆದ್ದರಿಂದ ಸಂಘ-ಸಂಸ್ಥೆಗಳ ಪದಾಧಿಕಾರಿಗಳಲ್ಲಿ, ಮದುವೆ-ಮುಂಜಿ ಮಾಡುವವರಲ್ಲಿ ನಮ್ಮ ಬೇಡಿಕೆ: ಮುಹೂರ್ತದ ಹೊತ್ತು ಅಚ್ಚು ಹಾಕಿಸಿದಂತೆ ಊಟದ ಹೊತ್ತನ್ನೂ ಹಾಕಿಸಿ, ಅದನ್ನು ಪಾಲಿಸಿ. ಕೆಳಗೊಂದು ಸಾಲು ಇರಲಿ: ‘ಹಿರಿಯರಿಗೆ ಮೊದಲ ಪಂಕ್ತಿ 12.30ಕ್ಕೆ. ಲಿಫ್ಟ್ ಇದೆ. ಕಮೋಡ್ ಇರುವ ಶೌಚಾಲಯ ನೆಲಮಹಡಿಯಲ್ಲಿ. ಗಾಲಿಕುರ್ಚಿಗೆ ಹಿಂದಿನ ಗೇಟು.’ ಲಿಫ್ಟ್ ಇಲ್ಲದಿದ್ದರೆ ‘ಇಲ್ಲ, 22 ಮೆಟ್ಟಿಲು’ ಎಂದು ಸ್ಪಷ್ಟವಾಗಿ ಬರೆಯಿರಿ. ಅದರಿಂದ ಯಾರ ಮಾನವೂ ಹೋಗುವುದಿಲ್ಲ. ಮನೆಯವರಿಗೆ ತಯಾರಿ ಮಾಡಲು ಅನುಕೂಲ. ತಾವು ಕಾರ್ಯಕ್ರಮದ ಸೂಚನೆ ಪ್ರಕಟಿಸುವಾಗ ಈ ಸಾಲನ್ನು ಕೇಳಿ ಪಡೆದು ಹಾಕಿದರೆ ಒಂದೇ ವರ್ಷದಲ್ಲಿ ಇದು ರೂಢಿಯಾಗಿಬಿಡುತ್ತದೆ ಎಂಬ ಭರವಸೆ ನಮ್ಮದು.

ಗಾಲಿಕುರ್ಚಿಯ ಇಳಿಜಾರಿನ ಬಗ್ಗೆ ಒಂದು ಲೆಕ್ಕ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಬಾಗಿಲಲ್ಲಿ 15 ಸೆಂಟಿಮೀಟರಿನ ಮೂರು ಮೆಟ್ಟಿಲಿದ್ದರೆ ಸುಮಾರು ಐದೂವರೆ ಮೀಟರ್ ಆಯಿತು. ಪೆಂಡಾಲಿನವರಿಂದ ಆರಡಿಯ ಹಲಗೆ ತರಿಸಿ ಮೂರು ಮೆಟ್ಟಿಲ ಮೇಲೆ ಒರಗಿಸಿ ‘ರ್‍ಯಾಂಪ್ ಇದೆ’ ಎನ್ನುವುದು ಅಪಾಯಕ್ಕೆ ಆಹ್ವಾನ. ಅದರ ಬದಲು ಕುರ್ಚಿಯನ್ನು ಎತ್ತುವುದೇ ವಾಸಿ, ಸರಿಯಾಗಿ ಎತ್ತಿದರೆ. ಕೈ ಇಡುವ ಹಿಡಿ, ಕಾಲಿಡುವ ಪಟ್ಟಿ ಹಲವು ಕುರ್ಚಿಗಳಲ್ಲಿ ಕಳಚುವಂಥವು. ಅವನ್ನು ಹಿಡಿದು ಎತ್ತಿದರೆ ಅದಷ್ಟೇ ಕೈಗೆ ಬಂದು ಕುರ್ಚಿ ಕೆಳಗೆ ಹೋಗುತ್ತದೆ. ಮುಖ್ಯ ಚೌಕಟ್ಟಿನ ಕಬ್ಬಿಣದ ಕೊಳವೆಯನ್ನೇ ಹಿಡಿಯಬೇಕು. ಒಂಟಿ ಮೆಟ್ಟಿಲು ಇಳಿಸುವಾಗ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ದೊಡ್ಡ ಚಕ್ರ ಮೊದಲು ಇಳಿಯುವಂತೆ ನಿಧಾನವಾಗಿ ಇಳಿಸಿ. ಮುಂದೆ ಮುಖ ಮಾಡಿ ಇಳಿಸಿದರೆ ಕೂತವರು ಮುಗ್ಗರಿಸುತ್ತಾರೆ.

ಪ್ರಯಾಣ. ಹಳಿ ದುರಸ್ತಿಗೆಂದು ಲೋಕಲ್ ಗಾಡಿಗಳನ್ನು ತಡೆಯುವ, ತಿರುಗಿಸುವ ರವಿವಾರದ ಮೆಗಾ ಬ್ಲಾಕ್ ಸಾಮಾನ್ಯವಾಗಿ ಬೆಳಿಗ್ಗೆ 10-11ರಿಂದ ಮಧ್ಯಾಹ್ನ 3-4ರವರೆಗೆ. ಮಧ್ಯ ರೈಲ್ವೆಯಲ್ಲಿ ಮಾಟುಂಗಾ-ಮುಲುಂಡ್ ನಡುವೆ ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೆ ತಿರುಗಿಸಿದ ದಿನ ವಿದ್ಯಾವಿಹಾರ್, ಕಾಂಜೂರ್‌ಮಾರ್ಗ್, ನಾಹೂರ್‌ನಲ್ಲಿ ನಿಲ್ಲುವುದಿಲ್ಲ. ಉಳಿದೆಡೆ ಪ್ಲಾಟ್‌ಫಾರ್ಮ್ ಬದಲಾಗುತ್ತದೆ, ಎಂದರೆ ಇನ್ನೊಂದು ಸೇತುವೆ ಹತ್ತಿ ಇಳಿಯಬೇಕು. ಶನಿವಾರವೇ ಪ್ರಕಟಣೆ ಬಂದಿರುತ್ತದೆ, ನೋಡಿಕೊಳ್ಳಿ. ಕೋಲು ಹಿಡಿದವರನ್ನು ಬ್ಲಾಕಿನ ಹೊತ್ತಿನಲ್ಲಿ ಲೋಕಲ್ ಹತ್ತಿಸಬೇಡಿ ಎಂದೇ ನಮ್ಮ ಸಲಹೆ. ಮೆಟ್ರೊ ಇರುವ ದಾರಿಯಾದರೆ ನಿಲ್ದಾಣದಲ್ಲಿ ಲಿಫ್ಟ್ ಇದೆ, ಗಾಡಿಯ ನೆಲ ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಇರುತ್ತದೆ.

ಟ್ಯಾಕ್ಸಿ ಕರೆಯುವಾಗ ಮರೆಯುವ ವಿಷಯ ಸಿ.ಎನ್.ಜಿ. ಸಿಲಿಂಡರ್. ಡಿಕ್ಕಿಯ ಮುಕ್ಕಾಲು ಭಾಗ ಅದೇ ಕೂತಿರುವುದರಿಂದ ಮಡಚಿದ ಗಾಲಿಕುರ್ಚಿ ಒಳಗೆ ಹೋಗುವುದಿಲ್ಲ. ಮೇಲೆ ಕ್ಯಾರಿಯರ್ ಇರುವ ಕಾಲಿ-ಪೀಲಿ (ಕಪ್ಪು-ಹಳದಿ ಟ್ಯಾಕ್ಸಿ) ಅಥವಾ ದೊಡ್ಡ ಗಾಡಿ ಕರೆಯಿರಿ, ಕುರ್ಚಿ ಕಟ್ಟಲು ಹಗ್ಗ ಮನೆಯಿಂದಲೇ ಒಯ್ಯಿರಿ. ಕಾರಿನೊಳಗೆ ಕೂರಿಸುವ ಕ್ರಮ: ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿ, ಸೀಟಿನ ಅಂಚು ತೊಡೆಗೆ ತಾಗುವವರೆಗೆ ಹಿಂದೆ ಸರಿಸಿ, ತಲೆಯ ಮೇಲೆ ನಿಮ್ಮ ಕೈ ಅಡ್ಡ ಇಟ್ಟು ಮೊದಲು ಕೂರಿಸಿ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿ. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಸಿದರೆ ತಿರುಗುವುದು ಸಲೀಸು. ತಿರುಗಿದ ಮೇಲೆ ಅದನ್ನು ಎಳೆದು ತೆಗೆಯಿರಿ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಜಾರುತ್ತಾರೆ. ಒಂದು ಕಾಲು ಒಳಗೆ ಇನ್ನೊಂದು ಹೊರಗೆ ಇಟ್ಟು ಬಗ್ಗಿಸುವ ಅಭ್ಯಾಸ ಸೊಂಟದ ಆಪರೇಷನ್ ಆದವರಿಗೆ ಕೇಡು.

ಉಡುಗೆಯಲ್ಲಿ ಎರಡೇ ಮಾತು: ಸಮಾರಂಭಕ್ಕೆಂದು ಹೊಸ ಚಪ್ಪಲಿ ಬೇಡ, ಪಾದ ಮುಚ್ಚುವಷ್ಟು ಉದ್ದದ ಪಂಚೆ-ಸೀರೆ ಬೇಡ. ಕೋಲಿನ ತುದಿಯ ರಬ್ಬರ್ ಬುಷ್ ಸವೆದು ನುಣ್ಣಗಾಗಿದ್ದರೆ ಹಾಲ್‌ನ ಟೈಲ್ಸ್ ಮೇಲೆ ಅದು ನಿಲ್ಲುವುದಿಲ್ಲ, ಸ್ವಲ್ಪ ದುಡ್ಡಿಗೆ ಹೊಸದು ಸಿಗುತ್ತದೆ, ಬದಲಾಯಿಸಿ. ಕೋಲು ಹಿಡಿಯಬೇಕಾದದ್ದು ನೋವಿನ ಕಾಲಿಗೆ ಎದುರು ಕೈಯಲ್ಲಿ. ಜೊತೆಗೆ ನಡೆಯುವವರು ನೋವಿನ ಕಾಲಿನ ಬದಿಗೆ ಅರ್ಧ ಹೆಜ್ಜೆ ಹಿಂದೆ ಇರಬೇಕು. ಪ್ರೀತಿಯಿಂದ ಕೋಲಿನ ಕೈಯನ್ನೇ ಹಿಡಿದುಕೊಂಡರೆ ಕೋಲು ಇದ್ದೂ ಇಲ್ಲದಂತೆ. ಮೆಟ್ಟಿಲು ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಏರುವಾಗ ನೀವು ಹಿಂದೆ, ಇಳಿಯುವಾಗ ಒಂದು ಮೆಟ್ಟಿಲು ಕೆಳಗೆ ಮುಂದೆ.

ಹಾಲ್‌ಗೆ ಬಂದ ಕೂಡಲೇ ಶೌಚಾಲಯ ಎಲ್ಲಿ, ನೆಲ ಒಣಗಿದೆಯೇ, ಒಳಗಿನಿಂದ ಹಾಕಿದ ಚಿಲಕ ಹೊರಗಿನಿಂದ ತೆಗೆಯಲು ಬರುತ್ತದೆಯೇ ಎಂದು ಜೊತೆಗಿರುವವರು ನೋಡಿ ಬರಬೇಕು. ‘ಬೇಕಾದಾಗ ಹೇಳಿ’ ಎನ್ನಬೇಡಿ, ಅವರು ಹೇಳುವುದಿಲ್ಲ. ಎರಡು ಗಂಟೆಗೊಮ್ಮೆ ನೀವೇ ಕರೆದುಕೊಂಡು ಹೋಗಿ. ಗೌರವಕ್ಕೆಂದು ಮೊದಲ ಸಾಲಿನಲ್ಲಿ ಕೂರಿಸುತ್ತಾರಲ್ಲ, ಅದು ಹಿರಿಯರಿಗೆ ಕೆಟ್ಟ ಜಾಗ: ಎದುರಿಗೇ ಧ್ವನಿವರ್ಧಕ, ಶ್ರವಣಯಂತ್ರ ಹಾಕಿದ ಕಿವಿಗೆ ಚೆಂಡೆ-ಮದ್ದಳೆಯ ಸದ್ದೆಲ್ಲ ಒಟ್ಟಿಗೆ ಹೊಡೆಯುತ್ತದೆ, ನಡುವೆ ಎದ್ದು ಹೋಗಲು ಸಂಕೋಚ. ಐದಾರನೇ ಸಾಲಿನಲ್ಲಿ, ಬಾಗಿಲ ಕಡೆಯ ತುದಿ ಕುರ್ಚಿ ಒಳ್ಳೆಯದು. ಕುರ್ಚಿಗೆ ಕೈ ಇರಬೇಕು, ಸೀಟು ನೆಲದಿಂದ 45 ಸೆಂಟಿಮೀಟರ್ ಎತ್ತರವಿರಬೇಕು. ಪ್ಲಾಸ್ಟಿಕ್ ಕುರ್ಚಿಯಾದರೆ ಒಂದರೊಳಗೊಂದು ಎರಡು ಸೇರಿಸಿ. ಎತ್ತರವೂ ಆಯಿತು, ಕಾಲು ಅಗಲಿಸಿ ಜಾರುವುದೂ ತಪ್ಪಿತು.

ಏಳಿಸುವುದು ಹೇಗೆ ಎಂಬುದನ್ನು ಸ್ವಯಂಸೇವಕರಿಗೂ ಹೇಳಿಕೊಡಿ. ಇಬ್ಬರು ಎರಡು ಕಂಕುಳಿಗೆ ಕೈ ಹಾಕಿ ಎತ್ತುವುದು ಎಲ್ಲೆಡೆ ಕಾಣುವ ದೃಶ್ಯ. ಪಾರ್ಶ್ವವಾಯು ಆದ ಬದಿಯ ಭುಜ ಇದರಿಂದಲೇ ಕಳಚುತ್ತದೆ. ಹಿರಿಯರು ಕುರ್ಚಿಯ ಅಂಚಿಗೆ ಸರಿಯಲಿ, ಪಾದಗಳು ಮಂಡಿಗಿಂತ ತುಸು ಹಿಂದಿರಲಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಲಿ. ಸೊಂಟಕ್ಕೆ ಮಡಚಿದ ಬೈರಾಸು ಸುತ್ತಿ ಅದನ್ನು ಹಿಡಿದು ‘ಒಂದು, ಎರಡು, ಮೂರು’ ಎಂದು ಜೊತೆಯಾಗಿ ಏಳಿ. ಎದ್ದ ಮೇಲೆ ಅಲ್ಲೇ ಒಂದು ನಿಮಿಷ ನಿಲ್ಲಿಸಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದ ಕೂಡಲೇ ಒತ್ತಡ ಇಳಿದು ಕಣ್ಣು ಕತ್ತಲೆ ಬರುವುದು ಸಾಮಾನ್ಯ.

ಇನ್ನೊಂದು ಮಾತು, ಇದನ್ನು ಯಾರೂ ಗಮನಿಸಿದಂತಿಲ್ಲ. ಹಿರಿಯರು ನಿಂತಿರುವಾಗ ಕಾಲಿಗೆ ಬೀಳಬೇಡಿ. ಆಶೀರ್ವಾದ ಮಾಡಲು ಅವರು ಮುಂದೆ ಬಾಗಿ ಕೋಲು ಬಿಟ್ಟು ಕೈ ನೀಡುತ್ತಾರೆ. ಬಿದ್ದವರ ತಲೆ ಅವರ ಮಂಡಿಗೆ ತಾಗುತ್ತದೆ, ಹಿಂದೆ ಹೆಜ್ಜೆ ಇಡಲು ಜಾಗವಿರುವುದಿಲ್ಲ. ಅವರನ್ನು ಕೂರಿಸಿ, ಪಾದ ನೆಲಕ್ಕೆ ಊರಿದ ಮೇಲೆ ಒಬ್ಬೊಬ್ಬರಾಗಿ ನಮಸ್ಕರಿಸಿ. ಮಂಟಪದ ಸುತ್ತ ಚೆಲ್ಲಿದ ಅಕ್ಷತೆ, ಹೂವಿನ ಎಸಳು ನುಣುಪು ಟೈಲ್ಸ್ ಮೇಲೆ ಕಾಲು ಜಾರಿಸುತ್ತವೆ. ಧಾರೆ ಮುಗಿದ ಮೇಲೆ ಹಿರಿಯರು ಓಡಾಡುವ ದಾರಿಯನ್ನಾದರೂ ಒಮ್ಮೆ ಗುಡಿಸಿಸಬೇಕು. ಬಿದ್ದೇ ಬಿಟ್ಟರೆ ತಕ್ಷಣ ಎಬ್ಬಿಸಿ ನಿಲ್ಲಿಸಬಾರದು. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಅಲ್ಲೇ ಮಲಗಿಸಿ ಆಂಬುಲೆನ್ಸ್ ಕರೆಯಿರಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ, ಅವರು ನಗುತ್ತಾ ಮಾತನಾಡುತ್ತಿದ್ದರೂ ಅದೇ ದಿನ ಆಸ್ಪತ್ರೆಗೆ ತೋರಿಸಲೇಬೇಕು. ಒಳಗೆ ರಕ್ತ ಕೂಡಿ ತೊಂದರೆ ಕೆಲವು ಗಂಟೆಗಳ ನಂತರ ಹೊರಬರುವುದುಂಟು.

ಸನ್ಮಾನ ಮಾಡುವವರು ವೇದಿಕೆಯಿಂದ ಇಳಿದು ಬರಬೇಕು. ಹಿಡಿಗಂಬಿ ಇಲ್ಲದ ಮೆಟ್ಟಿಲು ಹತ್ತಿಸಿ, ಶಾಲು ಹೊದಿಸಿ, ಪೇಟ ತೊಡಿಸಿ, ಭಾರದ ಹಣ್ಣಿನ ಬುಟ್ಟಿಯನ್ನು ನಡುಗುವ ಕೈಗೆ ಕೊಟ್ಟು ‘ಈ ಕಡೆ ನೋಡಿ’ ಎಂದು ಫೋಟೊಕ್ಕೆ ನಿಲ್ಲಿಸುವುದು ಸನ್ಮಾನವಲ್ಲ, ಶಿಕ್ಷೆ. ಪೇಟ ಕಿವಿಯನ್ನು ಒತ್ತಿದಾಗ ಶ್ರವಣಯಂತ್ರ ಸಿಳ್ಳೆ ಹೊಡೆಯುತ್ತದೆ, ಕನ್ನಡಕದ ಮೇಲೆ ಜಾರಿ ಮೆಟ್ಟಿಲು ಕಾಣದಂತೆ ಮಾಡುತ್ತದೆ. ಕೂತಲ್ಲೇ ಶಾಲು ಹೊದಿಸಿ, ಬುಟ್ಟಿಯನ್ನು ಮನೆಯವರ ಕೈಗೆ ಕೊಡಿ.

ಊಟ. ಬಫೆಯಲ್ಲಿ ಕೋಲೂ ತಟ್ಟೆಯೂ ಒಂದೇ ಕೈಗೆ ಬರುವುದಿಲ್ಲ, ಕೂತಲ್ಲಿಗೆ ತಂದುಕೊಡಿ. ನುಂಗಲು ಕಷ್ಟ ಇರುವವರಿಗೆ ತೆಳ್ಳಗಿನ ಸಾರಿನಲ್ಲಿ ಅನ್ನ, ಸಬ್ಬಕ್ಕಿ ಪಾಯಸ, ಪುಡಿಯಾಗುವ ಲಾಡು, ಹಪ್ಪಳ ಇವೆಲ್ಲ ತೊಡಕು. ನೀರು ಒಂದು ದಾರಿ, ಗಟ್ಟಿ ಇನ್ನೊಂದು ದಾರಿ ಹಿಡಿದು ಗಂಟಲಿನಲ್ಲಿ ತಪ್ಪುತ್ತದೆ. ಚೆನ್ನಾಗಿ ಕಿವುಚಿದ ಮೊಸರನ್ನ, ತೊವ್ವೆ ಅನ್ನದಂತೆ ಒಂದೇ ಹದದ್ದು ಕೊಡಿ. ಬೆನ್ನು ನೇರ, ಚಿಕ್ಕ ತುತ್ತು, ನುಂಗಿದ ಮೇಲೆ ಮುಂದಿನದು, ತಿನ್ನುವಾಗ ಮಾತು ಬೇಡ. ಊಟದ ನಡುವೆ ಕೆಮ್ಮು ಬಂದರೆ ಅಥವಾ ಧ್ವನಿ ನೀರು ತುಂಬಿದಂತೆ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ. ಹಲ್ಲಿನ ಸೆಟ್ ತೆಗೆದು ಪೇಪರ್ ನ್ಯಾಪ್‌ಕಿನ್‌ನಲ್ಲಿ ಸುತ್ತಿ ಎಲೆಯ ಬದಿಗಿಟ್ಟರೆ ಎಲೆಯ ಜೊತೆ ಅದೂ ಹೋಗುತ್ತದೆ, ಮುಚ್ಚಳದ ಡಬ್ಬಿ ಒಯ್ಯಿರಿ. ಹೊಟ್ಟೆ ತುಂಬ ಉಂಡ ಮೇಲೆ ಒಂದು-ಎರಡು ಗಂಟೆ ರಕ್ತದೊತ್ತಡ ಇಳಿಯುವುದು ವಯಸ್ಸಾದವರಲ್ಲಿ ಉಂಟು. ಕೈ ತೊಳೆಸಿ ಅರ್ಧ ಗಂಟೆ ಕೂರಿಸಿ, ಆಮೇಲೆ ಹೊರಡಿ.

ಈ ಎಲ್ಲಕ್ಕೂ ಮನೆಯಲ್ಲಿ ಒಬ್ಬರೇ ಹೊಣೆ ಇರಬೇಕು. ಮಗ, ಸೊಸೆ, ಮಗಳು ಮೂವರೂ ಇದ್ದ ದಿನವೇ ಮಾತ್ರೆ ತಪ್ಪುತ್ತದೆ, ಇಲ್ಲವೇ ಎರಡು ಸಲ ಬೀಳುತ್ತದೆ. ಒಬ್ಬರು ಕೊಟ್ಟಿರಬಹುದು ಎಂದು ಇನ್ನೊಬ್ಬರ ಊಹೆ. ಕೈಚೀಲ ಯಾರ ಬಳಿ ಇದೆಯೋ ಅವರ ಫೋನಿನಲ್ಲಿ ಅಲಾರಂ. ಚೀಲದಲ್ಲಿ ಆ ದಿನದ ಮಾತ್ರೆ ಮತ್ತು ಒಂದು ಹೊತ್ತಿನದು ಹೆಚ್ಚು, ಹೆಸರು-ಅವಧಿ ಕಾಣುವ ಸ್ಟ್ರಿಪ್ಪಿನಲ್ಲೇ. ಡಾಕ್ಟರರ ಕೊನೆಯ ಚೀಟಿಯ ನಕಲು, ಗ್ಲೂಕೋಸ್, ಅರ್ಧ ಲೀಟರ್ ನೀರು, ನಾಲ್ಕು ಬಿಸ್ಕತ್ತು, ಎರಡು ಡಯಾಪರ್, ಒಂದು ಜೊತೆ ಬಟ್ಟೆ, ಶ್ರವಣಯಂತ್ರದ ಬ್ಯಾಟರಿ. ಮರೆವಿನ ಕಾಯಿಲೆ ಇರುವವರ ಜೇಬಿನಲ್ಲಿ ಮನೆಯ ಫೋನ್ ನಂಬರ್ ಬರೆದ ಚೀಟಿ. ಹೊಣೆ ಬದಲಾಗುವಾಗ ಚೀಲ ಕೈಯಿಂದ ಕೈಗೆ, ‘12ರದ್ದು ಆಗಿದೆ, 4ರದ್ದು ಬಾಕಿ’ ಎಂಬ ಮಾತಿನೊಂದಿಗೆ.

ಕರೆದುಕೊಂಡು ಹೋಗಲಾಗದವರೂ ಇರುತ್ತಾರೆ. ಅವರ ವಾರಾಂತ್ಯದ ತೊಂದರೆ ಬೇರೆ ಥರದ್ದು. ವಾರವೆಲ್ಲ ನೋಡಿಕೊಳ್ಳುವ ಮಾವಶಿಗೆ ರವಿವಾರ ರಜೆ, ಅದು ಅವರ ಹಕ್ಕು. ಏಜೆನ್ಸಿಯ ಬದಲಿಯವರು ಬೆಳಿಗ್ಗೆ 8.30ಕ್ಕೆ ಬರುತ್ತಾರೆ, 9ಕ್ಕೆ ಮನೆಯವರು ಮದುವೆಗೆ ಹೊರಡುತ್ತಾರೆ. ಆ ಅರ್ಧ ಗಂಟೆಯಲ್ಲಿ ಹೇಳಿದ್ದು ಯಾರ ತಲೆಗೂ ಹೋಗುವುದಿಲ್ಲ. ಬದಲಿಯವರನ್ನು ಶನಿವಾರ ಸಂಜೆ ಒಂದು ಗಂಟೆ ಹೆಚ್ಚು ದುಡ್ಡು ಕೊಟ್ಟಾದರೂ ಕರೆಸಿ, ಖಾಯಂ ಮಾವಶಿ ಇರುವಾಗಲೇ ಹಾಸಿಗೆಯಿಂದ ಏಳಿಸುವುದು, ಉಣಿಸುವುದು, ಶೌಚಕ್ಕೆ ಒಯ್ಯುವುದು ಈ ಮೂರನ್ನೂ ಅವರ ಕೈಯಲ್ಲೇ ಒಮ್ಮೆ ಮಾಡಿಸಿ. ಮೂಗಿನ ನಳಿಕೆಯಲ್ಲಿ ಆಹಾರ ಇದ್ದರೆ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ, ಕೊಟ್ಟು ಅರ್ಧ ಗಂಟೆ ಹಾಗೇ ಇರಬೇಕು. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೆ ಆದರೆ ನೆಲಕ್ಕೆ ತಾಗದಂತೆ, ಮುಕ್ಕಾಲು ತುಂಬುವ ಮೊದಲೇ ಖಾಲಿ. ಹಾಸಿಗೆ ಹಿಡಿದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು.

ಭಾಷೆಯದೂ ಒಂದು ಸಂಕಟ. ಪಾರ್ಶ್ವವಾಯು, ಮರೆವಿನ ಕಾಯಿಲೆ ಬಂದವರಲ್ಲಿ ಐವತ್ತು ವರ್ಷ ಮುಂಬೈಯಲ್ಲಿದ್ದು ಕಲಿತ ಹಿಂದಿ-ಮರಾಠಿ ಹೋಗಿ ಕನ್ನಡವೋ ತುಳುವೋ ಮಾತ್ರ ಉಳಿಯುವುದುಂಟು. ‘ಒಂದಕ್ಕೆ ಹೋಗಬೇಕು’ ಎಂದು ಅಜ್ಜಿ ಹತ್ತು ಸಲ ಹೇಳಿದರೂ ನೋಡಿಕೊಳ್ಳಲು ಬಂದ ಸಾತಾರಾದ ಹುಡುಗಿಗೆ ತಿಳಿಯುವುದು ಹೇಗೆ? ನೀರು, ನೋವು, ಒಂದಕ್ಕೆ, ಎರಡಕ್ಕೆ, ತಲೆಸುತ್ತು, ಚಳಿ, ಸೆಕೆ, ಹಸಿವು, ಸಾಕು ಈ ಪದಗಳನ್ನು ದೇವನಾಗರಿ ಲಿಪಿಯಲ್ಲಿ ಬರೆದು, ಎದುರಿಗೆ ಮರಾಠಿ ಅರ್ಥ ಹಾಕಿ ಮಂಚದ ಪಕ್ಕದ ಗೋಡೆಗೆ ಅಂಟಿಸಿ.

ಹಿರಿಯರನ್ನು ನೋಡಲು ವಾರಾಂತ್ಯದಲ್ಲಿ ಬರುವ ಬಂಧುಗಳಿಗೂ ಒಂದಿಷ್ಟು. ಬೆಳಿಗ್ಗೆ 10.30ರಿಂದ 12, ಸಂಜೆ 5ರಿಂದ 6.30 ಒಳ್ಳೆಯ ಹೊತ್ತು. ಮೂವರಿಗಿಂತ ಹೆಚ್ಚು ಜನ ಒಟ್ಟಿಗೆ ಬೇಡ, ಇಪ್ಪತ್ತು ನಿಮಿಷ ಸಾಕು. ಮಂಚದ ಮೇಲೆ ಕೂರದೆ, ಕುರ್ಚಿ ಎಳೆದುಕೊಂಡು ಅವರ ಮುಖದ ಮಟ್ಟಕ್ಕೆ ಕೂತು ಮಾತಾಡಿ. ಮರೆವು ಇರುವವರ ಮುಂದೆ ‘ನಾನ್ಯಾರು ಹೇಳಿ ನೋಡೋಣ’ ಎಂದು ದಯವಿಟ್ಟು ಕೇಳಬೇಡಿ. ಕೋಣೆ ತುಂಬ ಜನರ ಎದುರು ಪರೀಕ್ಷೆಯಲ್ಲಿ ಸೋಲುವ ಆ ನೋವು ಹೆಸರು ಮರೆತ ಮೇಲೂ ಮನಸ್ಸಿನಲ್ಲಿ ಉಳಿಯುತ್ತದೆ. ‘ದೊಡ್ಡಮ್ಮಾ, ನಾನು ಕಾರ್ಕಳದ ನಿಮ್ಮ ತಂಗಿಯ ಮಗ’ ಎಂದು ನೀವೇ ಹೇಳಿ. ಕೈಗೆ ಬಿಡಿಸಲು ಬಟಾಣಿಯೋ ಕಟ್ಟಲು ಮಲ್ಲಿಗೆಯೋ ಕೊಟ್ಟರೆ ಮಾತು ತಾನಾಗಿ ಬರುತ್ತದೆ. ರೋಗಿಗೆಂದು ಒಯ್ಯುವ ಎಳನೀರು, ಬಾಳೆಹಣ್ಣು ಎಲ್ಲರಿಗೂ ಹಿತವಲ್ಲ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ದುರ್ಬಲವಿದ್ದು ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಏನು ತರಲಿ ಎಂದು ಮೊದಲೇ ಫೋನಿನಲ್ಲಿ ಕೇಳಿ. ಶೀತ-ಕೆಮ್ಮು ಇದ್ದರೆ ಆ ವಾರ ಬರಲೇಬೇಡಿ.

ಸೋಮವಾರ ಬೆಳಿಗ್ಗೆ ಮನೆಯವರು ಆಫೀಸಿಗೆ ಓಡುವ ಮೊದಲು ನಾಲ್ಕು ವಿಷಯ ನೋಡಿಕೊಳ್ಳಬೇಕು: ಮೂತ್ರ ಎಂದಿನಂತೆ ಆಗಿದೆಯೇ, ಎರಡು ದಿನದಲ್ಲಿ ಮಲವಿಸರ್ಜನೆ ಆಗಿದೆಯೇ, ಪಾದ ಬಾತಿದೆಯೇ, ಮಾತು ಎಂದಿನಂತಿದೆಯೇ. ಹೃದಯದ ತೊಂದರೆ ಇರುವವರ ತೂಕ ಎರಡು-ಮೂರು ದಿನದಲ್ಲಿ ಎರಡು ಕಿಲೋ ಏರಿದ್ದರೆ ಅದು ಹೋಳಿಗೆಯ ತೂಕವಲ್ಲ, ನೀರು, ಡಾಕ್ಟರರಿಗೆ ತಿಳಿಸಿ. ದಣಿವಾದರೆ ಹೆಚ್ಚು ಮಲಗುತ್ತಾರೆ, ಎಬ್ಬಿಸಿದಾಗ ಸರಿಯಾಗಿ ಮಾತಾಡುತ್ತಾರೆ. ಆದರೆ ನಿನ್ನೆಯವರೆಗೆ ಸರಿಯಿದ್ದವರು ಇದ್ದಕ್ಕಿದ್ದಂತೆ ಹೊತ್ತು-ಜಾಗ ತಪ್ಪಿ ಮಾತಾಡಿದರೆ, ಇಲ್ಲದ್ದು ಕಂಡಂತೆ ಆಡಿದರೆ ‘ಸುಸ್ತು, ಮಲಗಲಿ’ ಎಂದು ಬಿಟ್ಟು ಹೋಗಬೇಡಿ. ಮೂತ್ರದ ಸೋಂಕು, ನೀರಿನ ಕೊರತೆ, ಮಲಬದ್ಧತೆ, ಇಳಿದ ಸಕ್ಕರೆ ಇವುಗಳಲ್ಲಿ ಯಾವುದೋ ಒಂದು ಕಾರಣ ಸಾಮಾನ್ಯವಾಗಿ ಸಿಗುತ್ತದೆ, ಚಿಕಿತ್ಸೆಯೂ ಇದೆ. ಬಾಯಿ ಒಂದು ಬದಿಗೆ ವಾಲಿ, ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಟ್ಟಾಗಿರಬೇಕು, ಆದ್ದರಿಂದ ಅದಕ್ಕೆ ಸಾಕಷ್ಟು ಮೊದಲೇ ಆಸ್ಪತ್ರೆ ಸೇರಿರಬೇಕು, ಲಕ್ಷಣ ಶುರುವಾದ ಗಂಟೆಯನ್ನು ಬರೆದುಕೊಂಡೇ ಹೊರಡಿ.

— ಹಿರಿಯರ ಮನೆ-ಶುಶ್ರೂಷೆಯಲ್ಲಿ ತೊಡಗಿರುವ ಕೆಲವು ಕನ್ನಡಿಗರು, ಮುಂಬೈ